ಕೈ ಬೇಗ ಪಳಗುತ್ತದೆ, ಕಣ್ಣು ನಿಧಾನ

ಹದಿನೆಂಟು ಹತ್ತೊಂಬತ್ತರ ಮಕ್ಕಳಿಗೆ ಕಾರು ಕಲಿಸುವಾಗ ಮೊದಲು ಎದ್ದು ಕಾಣುವುದು ಅವರ ಕೈಕಾಲಿನ ಚುರುಕು. ನಲವತ್ತು ದಾಟಿದವರನ್ನು ಎರಡು ವಾರ ಗೋಳಾಡಿಸುವ ಕ್ಲಚ್ಚು ಇವರಿಗೆ ಮೂರು ನಾಲ್ಕು ದಿನದಲ್ಲಿ ಒಲಿಯುತ್ತದೆ. ಹತ್ತನೇ ದಿನಕ್ಕೆ ಗೇರು ಹಾಕುವಾಗ ತಲೆ ತಗ್ಗಿಸುವುದು ನಿಲ್ಲುತ್ತದೆ. ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಗಾಡಿ ಕೈಗೆ ಬಂದದ್ದನ್ನೇ ಡ್ರೈವಿಂಗ್ ಬಂತು ಅಂದುಕೊಳ್ಳುತ್ತಾರೆ, ಮನೆಯವರೂ ನಂಬುತ್ತಾರೆ. ರಸ್ತೆಯನ್ನು ಓದುವ ಕಣ್ಣು ಪಳಗುವುದಕ್ಕೆ ಮಾತ್ರ ತಿಂಗಳುಗಟ್ಟಲೆ ಬೇಕು. ಈ ಎರಡರ ನಡುವಿನ ಅಂತರ ಇರುವ ಕಾಲವೇ ಅಪಾಯದ ಕಾಲ.

ಬ್ರೇಕ್ ಇನ್‌ಸ್ಪೆಕ್ಟರ್ ಎದುರಿನ ಪರೀಕ್ಷೆ ಈ ಅಂತರವನ್ನು ಅಳೆಯುವುದಿಲ್ಲ. ಎಂಟು ಹಾಕಬೇಕು, ರಿವರ್ಸ್ ತೆಗೆಯಬೇಕು, ದಿಬ್ಬದ ಮೇಲೆ ಹಿಂದೆ ಜಾರದೆ ಗಾಡಿ ಎತ್ತಬೇಕು. ಬೆಂಗಳೂರಿನ ಜ್ಞಾನಭಾರತಿಯಂಥ ಟ್ರ್ಯಾಕ್‌ಗಳಲ್ಲಿ ಇದನ್ನೆಲ್ಲ ಸೆನ್ಸರ್‌ಗಳೇ ನೋಡುತ್ತವೆ. ಎಲ್ಲವೂ ಕೈಕಾಲಿನ ಕೆಲಸ. ಆ ಟ್ರ್ಯಾಕಿನಲ್ಲಿ ನಾಯಿ ಅಡ್ಡ ಬರುವುದಿಲ್ಲ, ಆಟೋ ತಟಕ್ಕನೆ ತಿರುಗುವುದಿಲ್ಲ.

ಕಾನೂನಿನ ವಿಷಯ ಚುಟುಕಾಗಿ. ಕಾರಿಗೆ 18 ತುಂಬಿರಬೇಕು. 16ಕ್ಕೇ ಸಿಗುವ ಲೈಸೆನ್ಸು 50 ಸಿಸಿ ಮೀರದ, ಗೇರಿಲ್ಲದ ದ್ವಿಚಕ್ರಕ್ಕೆ ಮಾತ್ರ. ಅಂಗಡಿಯಲ್ಲಿರುವ ಪೆಟ್ರೋಲ್ ಸ್ಕೂಟರ್‌ಗಳು 110, 125 ಸಿಸಿಯವು, ಅವಕ್ಕೆ ಅದು ನಡೆಯದು. 2019ರ ತಿದ್ದುಪಡಿಯ 199ಎ ಕಲಮಿನ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ.

ಎಲ್‌ಎಲ್‌ಆರ್‌ಗೆ, ಅಂದರೆ ಕಲಿಯುವವರ ಲೈಸೆನ್ಸಿಗೆ, ಆರು ತಿಂಗಳ ಆಯಸ್ಸು. 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು, ಹಾಗಾಗಿ ಎಲ್ಲರೂ 31ನೇ ದಿನವೇ ಸ್ಲಾಟ್ ಹುಡುಕುತ್ತಾರೆ. ನಮ್ಮ ಸಲಹೆ ಇದಕ್ಕೆ ಉಲ್ಟಾ: ನಾಲ್ಕೂವರೆ ತಿಂಗಳು ಪಕ್ಕದಲ್ಲಿ ಡಿಎಲ್ ಇರುವವರನ್ನು ಕೂರಿಸಿಕೊಂಡು ಓಡಿಸಿ, ಐದನೇ ತಿಂಗಳಲ್ಲಿ ಪರೀಕ್ಷೆಗೆ ಹೋಗಿ. ಫೇಲಾದರೆ ಏಳು ದಿನ ಬಿಟ್ಟು ಮತ್ತೆ ಹೋಗುವುದಕ್ಕೂ ಸಮಯ ಉಳಿದಿರುತ್ತದೆ. ಡ್ರೈವಿಂಗ್ ಸ್ಕೂಲಿಗೆ ನಿಯಮ ಹೇಳುವುದು ಕನಿಷ್ಠ 21 ದಿನ, ಹತ್ತು ಗಂಟೆ ಸ್ಟೀರಿಂಗ್ ಹಿಡಿದ ಲೆಕ್ಕ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 25ರೊಳಗಿನವರು 120 ಗಂಟೆ ಓಡಿಸಿ ಪುಸ್ತಕದಲ್ಲಿ ಬರೆದು ತೋರಿಸಬೇಕು, ಅದರಲ್ಲಿ 20 ಗಂಟೆ ರಾತ್ರಿಯದು. ಸಿಡ್ನಿಯ ಕನ್ನಡಿಗರ ಮಕ್ಕಳು ಮಾಡುವ ಈ ಲೆಕ್ಕದಲ್ಲಿ ಅರ್ಧವನ್ನಾದರೂ ಇಲ್ಲಿ ಮನೆಯವರೇ ಮಾಡಿಸಬೇಕು. ಆ ಅವಧಿಯುದ್ದಕ್ಕೂ ಬಿಳಿಯ ಮೇಲೆ ಕೆಂಪು 'ಎಲ್' ಹಿಂದೆ ಮುಂದೆ ಇರಲಿ. ಹಲಗೆ 18 ಸೆಂ.ಮೀ. ಚೌಕ, ಅಕ್ಷರ 10 ಸೆಂ.ಮೀ. ಎತ್ತರ. ಟೇಪಿನಲ್ಲಿ ಅಂಟಿಸಿದ ಬೆರಳಗಲದ ಎಲ್ಲು ಹಿಂದಿನ ಬಸ್ಸಿನವನಿಗೆ ಕಾಣುವುದಿಲ್ಲ.

ಮೊದಲ ವಾರ ಕೂರುವುದನ್ನೇ ಕಲಿಸುತ್ತೇವೆ ಅಂದರೆ ಮಕ್ಕಳು ನಗುತ್ತಾರೆ. ಆದರೆ ಕ್ಲಚ್ಚನ್ನು ಪೂರ್ತಿ ತುಳಿದಾಗಲೂ ಎಡ ಮಂಡಿ ಸ್ವಲ್ಪ ಬಾಗಿರಬೇಕು. ಬೆನ್ನು ಸೀಟಿಗೆ ಒರಗಿದ ಹಾಗೇ ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ತಾಗಬೇಕು. ಎದೆಗೂ ಸ್ಟೀರಿಂಗಿಗೂ ನಡುವೆ ಒಂದು ಗೇಣಿಗಿಂತ ಜಾಸ್ತಿ, ಸುಮಾರು 25 ಸೆಂ.ಮೀ. ಜಾಗ ಬೇಕು, ಇಲ್ಲದಿದ್ದರೆ ಏರ್‌ಬ್ಯಾಗ್ ಉಬ್ಬುವ ರಭಸವೇ ಎದೆಗೆ ಏಟು. ಕೈ ಗಡಿಯಾರದ ಒಂಬತ್ತು, ಮೂರರ ಜಾಗದಲ್ಲಿ. ಒಂದೇ ಕೈಯಲ್ಲಿ, ಅದೂ ಅಂಗೈಯಲ್ಲಿ ಒತ್ತಿ ಸ್ಟೀರಿಂಗ್ ತಿರುಗಿಸುವ ಶೋಕಿ ಎರಡನೇ ತಿಂಗಳಲ್ಲಿ ಬಂದೇ ಬರುತ್ತದೆ. ಮುಂಚಕ್ರ ಗುಂಡಿಗೆ ಇಳಿದು ಸ್ಟೀರಿಂಗ್ ಜಗ್ಗಿದಾಗ ಆ ಅಂಗೈಗೆ ಹಿಡಿತವೇ ಇರುವುದಿಲ್ಲ.

ಸೈಡ್ ಮಿರರ್‌ಗಳನ್ನು ಹೆಚ್ಚಿನವರು ತಮ್ಮದೇ ಬಾಗಿಲು ಅರ್ಧ ಕಾಣುವಂತೆ ಇಟ್ಟಿರುತ್ತಾರೆ. ತಲೆಯನ್ನು ಬಲ ಕಿಟಕಿಗೆ ವಾಲಿಸಿ, ನಿಮ್ಮ ಗಾಡಿಯ ಮೈ ಅಂಚಷ್ಟೇ ಕಾಣುವ ಹಾಗೆ ಬಲ ಕನ್ನಡಿ ಸರಿಮಾಡಿ. ಎಡಗಡೆಯದಕ್ಕೆ ತಲೆಯನ್ನು ಗಾಡಿಯ ನಡುವಿಗೆ ತಂದು ಹಾಗೇ ಮಾಡಿ. ಇದರಿಂದ ಕಾಣದ ಮೂಲೆ ಕಿರಿದಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಎಡಕ್ಕೆ ಸರಿಯುವ ಮುನ್ನ ಭುಜದ ಮೇಲಿಂದ ಒಮ್ಮೆ ನೋಡಲೇಬೇಕು, ಏಕೆಂದರೆ ನಮ್ಮಲ್ಲಿ ಬೈಕುಗಳು ನುಗ್ಗುವುದು ಎಡಸಂದಿಯಿಂದಲೇ. ಇಳಿಯುವಾಗ ಬಾಗಿಲನ್ನು ಎಡಗೈಯಲ್ಲಿ ತೆಗೆಯುವುದು ಇನ್ನೊಂದು ರೂಢಿ. ಎಡಗೈ ಬಲಬಾಗಿಲಿಗೆ ಹೋದರೆ ಮೈ ತಾನಾಗಿ ತಿರುಗುತ್ತದೆ, ಕಣ್ಣು ಹಿಂದಿನ ರಸ್ತೆಯ ಮೇಲೆ ಬೀಳುತ್ತದೆ. ಬಾಗಿಲಿಗೆ ಸೈಕಲ್ಲು, ಬೈಕು ಬಡಿಯುವುದನ್ನು ತಪ್ಪಿಸಲು ಇದಕ್ಕಿಂತ ಸುಲಭ ಉಪಾಯ ಇಲ್ಲ. ಹವಾಯಿ ಚಪ್ಪಲಿ ಬೇಡ, ತುದಿ ಮಡಚಿ ಪೆಡಲಿನಡಿ ಸಿಕ್ಕುತ್ತದೆ. ಸೀಟಿನ ಕೆಳಗೆ ನೀರಿನ ಬಾಟಲಿ ಬೇಡ, ಬ್ರೇಕ್ ಹಾಕಿದಾಗ ಉರುಳಿ ಬ್ರೇಕ್ ಪೆಡಲಿನ ಹಿಂದೆಯೇ ಹೋಗಿ ಕೂರುತ್ತದೆ.

ಕ್ಲಚ್ಚಿಗೆ ಒಂದು ಅಭ್ಯಾಸ ಸಾಕು. ಮಟ್ಟಸವಾದ ಖಾಲಿ ಜಾಗದಲ್ಲಿ, ಆಕ್ಸಿಲರೇಟರ್ ಮುಟ್ಟದೆ, ಮೊದಲ ಗೇರಿನಲ್ಲಿ ಕ್ಲಚ್ಚನ್ನು ನಿಧಾನವಾಗಿ ಎತ್ತಿ ಗಾಡಿ ತೆವಳುವಂತೆ ಮಾಡುವುದು, ನಿಲ್ಲಿಸುವುದು. ದಿನಕ್ಕೆ ಇಪ್ಪತ್ತು ಸಲ. ಕ್ಲಚ್ಚು ಕಚ್ಚುವ ಜಾಗ ಪಾದಕ್ಕೆ ಗುರುತಾಗುತ್ತದೆ. ಗಾಡಿ ಆಫ್ ಆಗುವುದು ಕಚ್ಚುವ ಮೊದಲಲ್ಲ, ಕಚ್ಚಿದ ಮೇಲೆ. ಹೊರಟಿತಲ್ಲ ಎಂಬ ಖುಷಿಯಲ್ಲಿ ಪಾದವನ್ನು ತಟ್ಟನೆ ಬಿಟ್ಟಾಗ. ದಿಬ್ಬದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಕಚ್ಚುವ ಜಾಗಕ್ಕೆ ಬಂದು, ಎಂಜಿನ್ ಸದ್ದು ತಗ್ಗಿ ಮೂತಿ ಸ್ವಲ್ಪ ಎದ್ದಾಗ ಆಕ್ಸಿಲರೇಟರ್ ಕೊಟ್ಟು ಹ್ಯಾಂಡ್ ಬ್ರೇಕ್ ಇಳಿಸಬೇಕು. ಹಾಫ್ ಕ್ಲಚ್ಚಿನಲ್ಲೇ ದಿಬ್ಬದ ಮೇಲೆ ತೂಗಾಡುತ್ತ ನಿಲ್ಲುವುದು ಜಾಣತನವಲ್ಲ. ಸುಟ್ಟ ವಾಸನೆ ಬಂದರೆ ಅದು ಕ್ಲಚ್ ಪ್ಲೇಟಿನದು.

ಸ್ಕೂಲಿನ ಕಾರಿನಿಂದ ಮನೆಯ ಕಾರಿಗೆ ಬಂದ ಮೊದಲ ದಿನ ಗಾಡಿ ಹತ್ತು ಸಲ ಆಫ್ ಆಗುತ್ತದೆ. ಕಲಿಸುವವರ ಬದಿಯಲ್ಲೂ ಕ್ಲಚ್ಚು, ಬ್ರೇಕು ಇರುತ್ತವೆ. ಹುಡುಗನಿಗೆ ಗೊತ್ತಿಲ್ಲದ ಹಾಗೆ ಅರ್ಧ ಕೆಲಸ ಆ ಪಾದ ಮಾಡಿರುತ್ತದೆ. ಕಲಿಕೆಯ ಕೊನೆಯ ಐದು ತರಗತಿಗಳಲ್ಲಿ 'ಸರ್, ನೀವು ಕಾಲು ತೆಗೀರಿ' ಅಂತ ಬಾಯಿಬಿಟ್ಟು ಕೇಳಿ.

ಮನೆಯ ಕಾರಿನಲ್ಲಿ ಪಕ್ಕದವರಿಗೆ ಪೆಡಲಿಲ್ಲ, ಹ್ಯಾಂಡ್ ಬ್ರೇಕ್ ಒಂದೇ. ಹೊರಡುವ ಮೊದಲೇ ಎರಡು ಮಾತು ಗೊತ್ತುಮಾಡಿಕೊಳ್ಳಿ: 'ನಿಧಾನ' ಅಂದರೆ ಆಕ್ಸಿಲರೇಟರ್ ಬಿಡುವುದು, 'ನಿಲ್ಸು' ಅಂದರೆ ಪ್ರಶ್ನೆ ಕೇಳದೆ ನಿಲ್ಲಿಸುವುದು. 'ಅಯ್ಯೋ, ನೋಡೋ, ನೋಡೋ!' ಅಂತ ಅಪ್ಪ ಕಿರುಚಿದರೆ ಮಗ ನೋಡುವುದು ರಸ್ತೆಯನ್ನಲ್ಲ, ಅಪ್ಪನ ಮುಖವನ್ನು.

ಕಣ್ಣು ಪಳಗಿಸುವ ಕೆಲಸ ನಿಜವಾಗಿ ಶುರುವಾಗುವುದು ಇಲ್ಲಿಂದ. ಅದಕ್ಕಿರುವ ಸಾಧನ ಒಂದೇ ವಾಕ್ಯ: 'ಏನು ಕಾಣ್ತಿದೆ, ಹೇಳ್ತಾ ಹೋಗಮ್ಮ.' ಓಡಿಸುವವಳು ಗಟ್ಟಿಯಾಗಿ ಹೇಳುತ್ತ ಹೋಗಬೇಕು. ಮೊದಲ ದಿನಗಳ ವರದಿ ಹೀಗಿರುತ್ತದೆ: 'ಮುಂದೆ ಕಾರಿದೆ. ಬ್ರೇಕ್ ಹಾಕಿದ. ನಾನೂ ಹಾಕ್ದೆ.' ಕಣ್ಣು ಮುಂದಿನ ಬಂಪರಿಗೆ ಅಂಟಿಕೊಂಡಿದೆ ಅಂತ ಅರ್ಥ. ತಿಂಗಳಾದ ಮೇಲೆ ಬರಬೇಕಾದ ವರದಿ ಬೇರೆ: 'ಎಡಕ್ಕೆ ಸಿಟಿ ಬಸ್ಸು ನಿಂತಿದೆ, ಅಡಿಯಲ್ಲಿ ಕಾಲು ಕಾಣ್ತಿವೆ, ಯಾರೋ ಮುಂದಿನಿಂದ ದಾಟ್ತಾರೆ. ಆಟೋದ ಮುಂಚಕ್ರ ಬಲಕ್ಕೆ ತಿರುಗ್ತಿದೆ. ಎಡಗನ್ನಡೀಲಿ ಬೈಕಿತ್ತು, ಈಗ ಕಾಣ್ತಿಲ್ಲ.' ಈ ಕೊನೆಯ ಮಾತು ಬಾಯಿಗೆ ಬಂದ ದಿನ ಕಲಿಕೆ ಒಂದು ಮೆಟ್ಟಿಲು ಹತ್ತಿತು ಅಂದುಕೊಳ್ಳಿ. ಕನ್ನಡಿಯಲ್ಲಿದ್ದ ಬೈಕು ಮಾಯವಾದರೆ ಅದು ಎಲ್ಲಿಗೂ ಹೋಗಿಲ್ಲ, ನಿಮ್ಮ ಹಿಂಬಾಗಿಲ ಪಕ್ಕದಲ್ಲೇ ಇದೆ.

ಏನನ್ನು ನೋಡಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗುತ್ತದೆ. ಆಟೋದ ಇಂಡಿಕೇಟರ್ ನಂಬಬೇಡಿ, ಮುಂಚಕ್ರ ನೋಡಿ. ನಿಂತ ಕಾರಿನೊಳಗೆ ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ ಬಾಗಿಲು ತೆರೆಯಬಹುದು. ಒಂದು ಮೇಕೆ ದಾಟಿದರೆ ಮಂದೆ ಹಿಂದೆಯೇ ಇದೆ, ಹಸು ದಾಟಿದರೆ ಕರು. ಅಡ್ಡರಸ್ತೆಯಿಂದ ಎಡಕ್ಕೆ ತಿರುಗುವಾಗ ಬಲಕ್ಕಷ್ಟೇ ನೋಡಿ ನುಗ್ಗುವುದು ಎಲ್ಲ ಹೊಸಬರ ತಪ್ಪು. ರಾಂಗ್ ಸೈಡಿನಲ್ಲಿ ರಸ್ತೆಯಂಚು ಹಿಡಿದು ಬರುವ ಸ್ಕೂಟರಿನವನು ಎಡದಿಂದ ಬರುತ್ತಾನೆ. ಕಾನೂನು ನಿಮ್ಮ ಕಡೆಗಿರಬಹುದು, ಅವನ ಮೊಣಕಾಲು ಮಾತ್ರ ನಿಮ್ಮ ಬಂಪರಿನ ಕಡೆಗೇ ಇರುತ್ತದೆ. ಹಾಗಾಗಿ ಬಲ, ಎಡ, ಮತ್ತೆ ಬಲ.

ಹೆದ್ದಾರಿಯಲ್ಲಿ ಲಾರಿಯ ಬಲ ಇಂಡಿಕೇಟರ್ ಇನ್ನೊಂದು ಬಲೆ. ಕೆಲವು ಚಾಲಕರು 'ರಸ್ತೆ ಖಾಲಿ, ಮುಂದೆ ಹೋಗು' ಅನ್ನುವುದಕ್ಕೆ ಅದನ್ನು ಹಾಕುತ್ತಾರೆ. ಕೆಲವರು ನಿಜಕ್ಕೂ ಬಲಕ್ಕೆ ತಿರುಗುವುದಕ್ಕೆ. ಹೊಸಬರಿಗೆ ನಿಯಮ ಒಂದೇ, ಎದುರಿನ ರಸ್ತೆಯನ್ನು ತಮ್ಮ ಕಣ್ಣಿಂದ ನೋಡದೆ ಓವರ್‌ಟೇಕ್ ಇಲ್ಲ. ಲಾರಿಗೆ ಅಂಟಿಕೊಂಡರೆ ಎದುರಿನದು ಕಾಣುವುದೇ ಇಲ್ಲ. ಹಿಂದೆ ಉಳಿದಷ್ಟೂ ಹೆಚ್ಚು ಕಾಣುತ್ತದೆ. ಮೊದಲ ತಿಂಗಳುಗಳಲ್ಲಿ ಇದು ತಲೆಗೆ ಹೋಗುವುದು ಕಷ್ಟ, ಹತ್ತಿರ ಹೋದರೆ ಬೇಗ ದಾಟಬಹುದು ಅನ್ನಿಸುತ್ತದೆ.

ಅಂತರದ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಹಾಕಿ ತೋರಿಸುತ್ತೇವೆ. ಗಂಟೆಗೆ 60 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಪಾಯ ಕಂಡು ಪಾದ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದರಿಂದ ಒಂದೂವರೆ ಸೆಕೆಂಡು, ಅಂದರೆ 17ರಿಂದ 25 ಮೀಟರ್ ಕಳೆದಿರುತ್ತದೆ. ಒಣ ಡಾಂಬರಿನಲ್ಲಿ ಗಟ್ಟಿ ಬ್ರೇಕ್ ಹಾಕಿದರೆ ಇನ್ನೂ 20 ಮೀಟರ್. ಒಟ್ಟು ಸುಮಾರು 40 ಮೀಟರ್, ನಾಲ್ಕು ಬಸ್ಸು ಸಾಲಾಗಿ ನಿಂತಷ್ಟು ಜಾಗ. ನೂರರ ವೇಗದಲ್ಲಿ ಇದು 85ರಿಂದ 100 ಮೀಟರ್. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ. ಈ ಅಂಕಿಗಳನ್ನು ಓಡಿಸುವಾಗ ಯಾರೂ ನೆನಪಿಡುವುದಿಲ್ಲ, ಅದಕ್ಕೇ ಎಣಿಕೆ. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ 'ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು' ಎಣಿಸಿ. ಮುಗಿಯುವ ಮೊದಲೇ ನೀವು ಕಂಬ ತಲುಪಿದರೆ ಹತ್ತಿರವಾಯಿತು. ಮಳೆಯಲ್ಲಿ ಐದರವರೆಗೆ. ನಡುವೆ ಯಾರಾದರೂ ನುಗ್ಗುತ್ತಾರೆ, ನಮ್ಮ ಊರಲ್ಲಿ ನುಗ್ಗೇ ನುಗ್ಗುತ್ತಾರೆ. ಕಾಲು ಸಡಿಲ ಬಿಟ್ಟು ಮತ್ತೆ ಎಣಿಕೆ ಶುರುಮಾಡುವುದು. ಅದರಿಂದ ತಡವಾಗುವುದು ಕೆಲವೇ ಸೆಕೆಂಡು.

ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 40ರ ವೇಗದಿಂದ ಒಮ್ಮೆ ಪೂರ್ತಿ ಬ್ರೇಕ್ ತುಳಿಸಿ ನೋಡಬೇಕು. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕೆಲಸ ಮಾಡುವಾಗ ಪೆಡಲು ಗಡಗಡ ನಡುಗುತ್ತದೆ. ಮೊದಲ ಸಲ ಈ ನಡುಕ ಕಾಲಿಗೆ ತಾಗಿದಾಗ ಏನೋ ಮುರಿಯಿತೆಂದು ಹೆದರಿ ಹೊಸಬರು ಪಾದ ಎತ್ತಿಬಿಡುತ್ತಾರೆ. ಅಪಾಯದ ಹೊತ್ತಿನಲ್ಲೇ ಆ ಪರಿಚಯ ಆಗಬಾರದು.

ನಮ್ಮ ರಸ್ತೆಗಳದೇ ಕೆಲವು ಪಾಠಗಳಿವೆ. ಬಣ್ಣ ಬಳಿಯದ ಹಂಪುಗಳು ಊರು ಶುರುವಾಗುವ ಕಡೆ, ಶಾಲೆ, ದೇವಸ್ಥಾನದ ಎದುರು ಇದ್ದೇ ಇರುತ್ತವೆ. ಮುಂದಿನ ಗಾಡಿಯ ಹಿಂಭಾಗ ಎಗರಿದ್ದೇ ನಿಮಗೆ ಸೂಚನೆ. ಮಾಗಿಯಲ್ಲಿ ಹಳೇ ಮೈಸೂರು ಕಡೆ ರಾಗಿ, ಹುರುಳಿಯನ್ನು ರಸ್ತೆಯ ಮೇಲೇ ಹರಡಿ ಒಕ್ಕಣೆ ಮಾಡುತ್ತಾರೆ. ಅದರ ಮೇಲೆ ಬ್ರೇಕ್ ಹಾಕಿದರೆ ಚಕ್ರ ಜಾರುತ್ತದೆ. ಹುರುಳಿಯ ಬಳ್ಳಿ ಗಾಡಿಯಡಿ ಚಕ್ರದ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್ ಕೊಳವೆಗೆ ತಾಗಿ ಹೊತ್ತಿಕೊಳ್ಳುವುದೂ ಉಂಟು. ಬದಿಯಲ್ಲಿ ಜಾಗವಿದ್ದರೆ ಸುತ್ತಿ ಹೋಗಿ. ಇಲ್ಲದಿದ್ದರೆ ನಿಧಾನವಾಗಿ ದಾಟಿ, ಸ್ವಲ್ಪ ಮುಂದೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ.

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬಿನ ಹಂಗಾಮಿನಲ್ಲಿ ಹಿಂದೀಪವಿಲ್ಲದ ಟ್ರಾಕ್ಟರ್ ಟ್ರೇಲರ್ ರಾತ್ರಿಯ ದೊಡ್ಡ ಶತ್ರು. ಡಿಪ್ ಬೆಳಕಿನಲ್ಲಿ ದೀಪವಿಲ್ಲದ ವಸ್ತು ಸ್ಪಷ್ಟವಾಗಿ ಕಾಣುವುದು ಅಂದಾಜು 40 ಮೀಟರಿನಲ್ಲಿ. ಮೇಲಿನ ಲೆಕ್ಕ ನೆನಪಿದ್ದರೆ, 60ರಲ್ಲಿ ನಿಲ್ಲಲು ಬೇಕಾದ್ದೂ ಅಷ್ಟೇ. ಎದುರಿನ ಗಾಡಿಯ ಹೈ ಬೀಮಿಗೆ ಕಣ್ಣು ಕೋರೈಸಿದರೆ ನೋಟವನ್ನು ಎಡಗಡೆಯ ಬಿಳಿ ಗೆರೆಗೆ ಇಳಿಸಿ, ಆಕ್ಸಿಲರೇಟರ್ ಬಿಡಬೇಕು. ಸಿಟ್ಟಿಗೆ ತಾವೂ ಹೈ ಬೀಮ್ ಹಾಕಿದರೆ ರಸ್ತೆಯಲ್ಲಿ ಕುರುಡರು ಇಬ್ಬರಾಗುತ್ತಾರೆ. ರಾತ್ರಿ ಓಡಿಸುವುದನ್ನು ಮೂರನೇ ತಿಂಗಳಿಗೆ ಶುರುಮಾಡಿ, ಅದೂ ಮುಸ್ಸಂಜೆಯಿಂದ, ಪರಿಚಿತ ರಸ್ತೆಯಲ್ಲಿ.

ಘಟ್ಟ ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯಬೇಕು. ಆಗುಂಬೆಯ ತಿರುವುಗಳಲ್ಲಿ ಅದು ಎರಡನೆಯದು, ಕೆಲವು ಕಡೆ ಮೊದಲನೆಯದು. ಬ್ರೇಕಿನ ಮೇಲೇ ಕಾಲಿಟ್ಟು ಇಳಿದರೆ ಪ್ಯಾಡು ಕಾದು ಹಿಡಿತ ಬಿಡುತ್ತದೆ. ನ್ಯೂಟ್ರಲ್‌ಗೆ ಹಾಕಿ ಪೆಟ್ರೋಲ್ ಉಳಿಸುವುದು ಹಿರಿಯರಿಂದ ಬಂದ ಬಳುವಳಿ, ಕಾರ್ಬುರೇಟರ್ ಕಾಲದ ಲೆಕ್ಕ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ, ನ್ಯೂಟ್ರಲ್‌ನಲ್ಲಿ ಉಲ್ಟಾ ಕುಡಿಯುತ್ತವೆ. ಕಿರಿದಾದ ಕಡೆ ಹತ್ತುವ ಗಾಡಿಗೆ ಮೊದಲ ದಾರಿ.

ಮಳೆಗಾಲಕ್ಕೆ ಮೊದಲು ಟೈರು ನೋಡಿ. ಗಾಡಿಯ ಗಾಳಿ ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿರುತ್ತದೆ, ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 30ರಿಂದ 33 ಪಿಎಸ್‌ಐ; ಟೈರು ತಣ್ಣಗಿರುವಾಗ ಹಿಡಿಸಬೇಕು, ಸ್ಟೆಪ್ನಿಗೂ. ಟೈರು ಅದರ ಕಚ್ಚುಗಳೊಳಗಿನ ಉಬ್ಬುಗೆರೆಯ ಮಟ್ಟಕ್ಕೆ, ಅಂದರೆ ಕಚ್ಚಿನ ಆಳ 1.6 ಮಿ.ಮೀ.ಗೆ ಇಳಿಯುವಷ್ಟು ಸವೆದಿದ್ದರೆ ಬದಲಿಸಿ.

ಇನ್ನು ಗಾಡಿಯೊಳಗಿನ ವಿಷಯ. ನ್ಯೂ ಸೌತ್ ವೇಲ್ಸ್‌ನಲ್ಲಿ ಲೈಸೆನ್ಸ್ ಸಿಕ್ಕ ಹೊಸಬರು ಕೆಂಪು 'ಪಿ' ಹಾಕಿಕೊಂಡು 90 ಮೀರದೆ ಓಡಿಸಬೇಕು. ನಮ್ಮಲ್ಲಿ ಡಿಎಲ್ ಬಂದ ದಿನವೇ ಎಲ್ಲ ರಸ್ತೆ, ಎಲ್ಲ ಹೊತ್ತು, ಎಷ್ಟು ಜನ ಗೆಳೆಯರಾದರೂ ಸರಿ. ಹಾಗಾಗಿ ಮೆಟ್ಟಿಲುಗಳನ್ನು ಮನೆಯವರೇ ಕಟ್ಟಬೇಕು. ನಾವು ಹೇಳುವುದು ಇಷ್ಟು: ಮೊದಲ ಮೂರು ತಿಂಗಳು ಒಬ್ಬರೇ ಅಥವಾ ಮನೆಯವರ ಜತೆ, ಹಗಲು, 60ರೊಳಗೆ. ಮುಂದಿನ ಮೂರು ತಿಂಗಳು ಒಬ್ಬ ಗೆಳೆಯ, ರಾತ್ರಿ ಒಂಬತ್ತರವರೆಗೆ. ಆಮೇಲೆ ಹೆದ್ದಾರಿ. ಹಿಂದಿನ ಸೀಟಿನಲ್ಲಿ ಮೂವರು ಗೆಳೆಯರು ಕೂತ ಗಾಡಿಯಲ್ಲಿ ಕಣ್ಣಿನ ಅರ್ಧ ಭಾಗ ಒಳಕನ್ನಡಿಯಲ್ಲಿರುತ್ತದೆ, ಕಾಲು ಅವರ ಮಾತಿಗೆ ತಕ್ಕಂತೆ ಕುಣಿಯುತ್ತದೆ. ಹಿಂದೆ ಕೂತವರಿಗೂ ಬೆಲ್ಟು; ಹಾಕದವನು ಗಾಡಿ ಡಿಕ್ಕಿಯಾದಾಗ ಮುಂದಿನವರ ಬೆನ್ನಿಗೇ ಬಂದು ಬಡಿಯುತ್ತಾನೆ. ಫೋನು ಕೈಗೆ ಸಿಗದ ಕಡೆ, ಮ್ಯಾಪು ಹೊರಡುವ ಮೊದಲೇ ಹಾಕಿ, ದನಿ ಮಾತ್ರ ಕೇಳುವಂತೆ. 60ರಲ್ಲಿ ಮೂರು ಸೆಕೆಂಡು ಪರದೆ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿಕೊಂಡು ಹೋದ ಹಾಗೆ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಕೊನೆಗಿರಲಿ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಗಳಲ್ಲಿ ಬೈಕು, ಆಟೋ, ಟ್ರಾಕ್ಟರ್ ಇಲ್ಲ, ಕಾರಿಗೆ ಮಿತಿ 100. ಓಡಿಸಲು ಸುಲಭ, ಅದೇ ಅದರ ತೊಡಕು. ಒಂದು ಗಂಟೆ ನೂರರಲ್ಲಿ ಹೋದ ಕಣ್ಣಿಗೆ ಇಳಿದ ಮೇಲೆ 60 ಕೂಡ ತೆವಳಿದಂತೆ ಕಾಣುತ್ತದೆ. ಊರೊಳಗೆ ಅದೇ ಭ್ರಮೆಯಲ್ಲಿ ನುಗ್ಗುತ್ತಾರೆ. ಇಳಿಯುವಾಗ ಅಂದಾಜು ಬಿಟ್ಟು ಸ್ಪೀಡೋಮೀಟರ್ ಓದಬೇಕು.

ಏನಾದರೂ ತಾಗಿದರೆ ನಿಲ್ಲಿಸಿ, ಹಜಾರ್ಡ್ ದೀಪ ಹಾಕಿ, ಪೆಟ್ಟಾಗಿದ್ದರೆ 108, ಪೊಲೀಸರಿಗೆ 112. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡುವುದು ಚಾಲಕನ ಕಾನೂನುಬದ್ಧ ಹೊಣೆ. ಓಡಿಹೋದರೆ ಸಣ್ಣ ಕೇಸು ದೊಡ್ಡದಾಗುತ್ತದೆ. ಈ ನಂಬರುಗಳನ್ನು, ಆರ್‌ಸಿ ಮತ್ತು ವಿಮೆ ಎಲ್ಲಿವೆ ಎಂಬುದನ್ನು ಮೊದಲ ದಿನವೇ ತೋರಿಸಿಡಿ.

ಡಿಎಲ್ ಬಂದು ಆರು ತಿಂಗಳಾದಾಗ ಮತ್ತೊಮ್ಮೆ ಪಕ್ಕದಲ್ಲಿ ಒಂದು ಗಂಟೆ ಕೂತು ನೋಡುವುದು ನಮ್ಮ ಪದ್ಧತಿ. ರೂಢಿಗಳು ಉದುರುವುದಕ್ಕೂ ಒಂದು ಕ್ರಮವಿದೆ. ಮೊದಲು ಹೋಗುವುದು ಭುಜದ ಮೇಲಿನ ನೋಟ, ಆಮೇಲೆ ಮೂರು ಸೆಕೆಂಡಿನ ಎಣಿಕೆ, ಆಮೇಲೆ ಎಡಗೈಯಲ್ಲಿ ಬಾಗಿಲು ತೆಗೆಯುವುದು. ಬೆಲ್ಟು ಮಾತ್ರ ಉಳಿದಿರುತ್ತದೆ, ಹಾಕದಿದ್ದರೆ ಗಾಡಿ ಕೀಂಯ್ ಅನ್ನುತ್ತದಲ್ಲ, ಅದಕ್ಕೆ. ಹಳೆಯ ರಸ್ತೆಯಲ್ಲೇ ಕರೆದುಕೊಂಡು ಹೋಗಿ, ರೇಡಿಯೋ ಆರಿಸಿ, ಹಳೆಯ ಪ್ರಶ್ನೆಯನ್ನೇ ಕೇಳುತ್ತೇವೆ: ಏನು ಕಾಣ್ತಿದೆ, ಹೇಳು.